ಅಣ್ಣ ಮಾತಾಡುವ ಮುಂಚೆ

ಗ್ರೀನ್‌ಲ್ಯಾಂಡಿನ ಇತೆರ್ಲಾಕ್ ಎಂಬ ಪುಟ್ಟ ಊರಿನಲ್ಲಿ ಕೆನಡಾ ಬೇಡ ಎನ್ನುವವರು ಹಲವರಿದ್ದರು. ಅದನ್ನು ಬಾಯಿಬಿಟ್ಟು ಹೇಳುವವನು ಮಾತ್ರ ಸೊರ್ಕಾಕ್ ಒಬ್ಬನೇ. ಗ್ರೀನ್‌ಲ್ಯಾಂಡ್ ಡೆನ್ಮಾರ್ಕಿನ ಕೈಬಿಟ್ಟು ಪಕ್ಕದ ಕೆನಡಾವನ್ನು ಸೇರಬೇಕೋ ಬೇಡವೋ ಎಂದು ಊರೂರಿಗೂ ಜನ ಕಳಿಸಿ ಕೇಳುತ್ತೇವೆಂದು ರಾಜಧಾನಿ ನೂಕ್‌ನ ಸರ್ಕಾರ ರೇಡಿಯೊದಲ್ಲಿ ಹೇಳಿಸಿತ್ತು. ಆವತ್ತಿನಿಂದ ಅವನಿಗೆ ಬೇರೆ ಮಾತೇ ಇಲ್ಲ. ನಾಯಿಗಳಿಗೆ ಮಾಂಸ ಕಡಿಯುವಾಗಲೂ ಕೆನಡಾ, ಬಲೆ ಬಿಚ್ಚುವಾಗಲೂ ಕೆನಡಾ. ಇದೆಲ್ಲ ಹೆಚ್ಚಾಗಿ ಬೀಳುತ್ತಿದ್ದದ್ದು ಅವನ ನಾದಿನಿ ತುಕುಮ್ಮೆಕ್‌ಳ ಕಿವಿಗೆ. ಊರಿನ ಒಂದೇ ಅಂಗಡಿ ಅವಳ ಸುಪರ್ದಿಯಲ್ಲಿತ್ತು, ಮತ್ತು ಅವಳು ಕೆನಡಾ ಸೇರಲೇಬೇಕು ಎನ್ನುವವಳು.

“ಭಾವ, ಕಾಫಿಪುಡಿಗೆ ಬಂದ್ರಾ, ಭಾಷಣಕ್ಕೆ ಬಂದ್ರಾ?”

“ಎರಡಕ್ಕೂ. ಪುಡಿ ಆಮೇಲೆ ಕೊಡು,” ಎಂದು ಸೊರ್ಕಾಕ್ ಕಟ್ಟೆಗೆ ಮೊಣಕೈ ಊರುತ್ತಿದ್ದ. “ಐವತ್ತಮೂರರಲ್ಲಿ ಡೆನ್ಮಾರ್ಕಿನೋರು ನಮ್ಮಪ್ಪಂದಿರನ್ನ ಇದ್ದ ಜಾಗದಿಂದ ಎಬ್ಬಿಸಿ ಓಡಿಸಿದ್ರು, ಅಮೆರಿಕದೋರ ವಿಮಾನಕ್ಕೆ ಜಾಗ ಬೇಕು ಅಂತ. ಅದೇ ವರ್ಷ ಕೆನಡಾದೋರು ಅವರ ಜನಾನ ಹಡಗಿಗೆ ತುಂಬ್ಕೊಂಡು ಬಂದು, ನಮ್ಮೆದುರು ಸಮುದ್ರದ ಆಚೆ ದಡದ ಕಲ್ಲಿನ ಮೇಲೆ ಸುರಿದು ಹೋದ್ರು. ಇಬ್ಬರೂ ಕಾದ ಬಾಣಲೆಗಳೇ. ಯಾವುದರಲ್ಲಿ ಬಿದ್ರೆ ತಂಪಾಗಿರುತ್ತೆ ಹೇಳು?”

“ಅದು ಹಳೇ ಮಾತು.”

“ಹೊಸದು ಕೇಳು. ನಮ್ಮಲ್ಲಿ ಕರಡೀನ ಮೊದಲು ನೋಡಿದೋನಿಗೆ ಅದರ ಚರ್ಮ, ಅಲ್ವಾ? ಡೆನ್ಮಾರ್ಕ್ ನಾನು ಮೊದಲು ನೋಡ್ದೆ ಅನ್ನುತ್ತೆ. ಅಮೆರಿಕ ನಾನು ಅನ್ನುತ್ತೆ. ಕೆನಡಾ, ನಾನು ಪಕ್ಕದಲ್ಲೇ ಇದ್ನಲ್ಲ ಅನ್ನುತ್ತೆ. ಈ ಬೇಟೇಲಿ ನಾವು ಬೇಟೆಗಾರರಲ್ಲ ಕಣೆ, ನಾವು ಕರಡಿ.”

ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕರಡಿಯ ಮಾತು ಬರುವ ಮುಂಚೆ ಅವನು ಕೆಮ್ಮುತ್ತಾನೆ ಎನ್ನುವುದೂ ತುಕುಮ್ಮೆಕ್‌ಗೆ ಗೊತ್ತಿತ್ತು.

“ಆಚೆ ದಡದಲ್ಲಿರೋರು ನಮ್ಮೋರೇ ಭಾವ. ನಮ್ಮ ಮುತ್ತಾತಂದಿರು ಅಲ್ಲಿಂದಲೇ ನಾಯಿಗಾಡಿ ಹೊಡ್ಕೊಂಡು ಬಂದೋರು. ಈಗ ಅಲ್ಲಿಗೆ ಹೋಗ್ಬೇಕು ಅಂದ್ರೆ ಕೋಪನ್‌ಹೇಗನ್ ಸುತ್ಕೊಂಡು ಹೋಗ್ಬೇಕು. ಹಿತ್ತಲಿಗೆ ಹೋಗೋಕೆ ಊರೆಲ್ಲ ಸುತ್ತಬೇಕಾ? ಒಂದೇ ದೇಶ ಆದ್ರೆ ವಿಮಾನ ನೇರ ಬರುತ್ತೆ. ಆಸ್ಪತ್ರೆ ಹತ್ರ ಆಗುತ್ತೆ.”

“ಯಾವ ಹತ್ರ? ಕೋಪನ್‌ಹೇಗನ್‌ನಿಂದ ನೋಡಿದ್ರೂ ನಾವು ದೂರ, ಒಟ್ಟಾವದಿಂದ ನೋಡಿದ್ರೂ ದೂರ. ಅವರು ಎದ್ದು ಕೂತ್ಕೊಂಡು ಕಣ್ಣು ಕಿರಿದು ಮಾಡಿದ್ರೆ ಮಾತ್ರ ನಾವು ಕಾಣೋದು.”

ಒಂದು ದಿನ ತುಕುಮ್ಮೆಕ್‌ಗೆ ತಲೆ ಕೆಟ್ಟಿತು. “ನಿಮ್ಮ ಸಿಟ್ಟು ಕೆನಡಾ ಮೇಲಲ್ಲ ಭಾವ,” ಎಂದಳು. “ಇನುತೆಕ್ ಭಾವನ ಮೇಲೆ.”

ಸೊರ್ಕಾಕ್ ಕಾಫಿಪುಡಿ ಅಲ್ಲೇ ಬಿಟ್ಟು ಹೊರಟುಹೋದ.

ಇನುತೆಕ್ ಅವನ ಅಣ್ಣ. ತಾಯಿ ತಂದೆ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದವನು, ಕಯಾಕ್ ಎಂಬ ಕಿರುದೋಣಿಯಲ್ಲಿ ಕೂರಲು ಕಲಿಸಿದವನು, ಕೊಂಬಿನ ತಿಮಿಂಗಿಲ ನಾರ್ವಾಲಿಗೆ ಈಟಿ ಎಸೆಯಲು ಕಲಿಸಿದವನು. ಮೂವತ್ತು ವರ್ಷದ ಹಿಂದೆ ಸಮುದ್ರ ಗಟ್ಟಿಯಾಗಿ ಹೆಪ್ಪುಗಟ್ಟಿದ್ದ ಒಂದು ವಸಂತದಲ್ಲಿ ಆಚೆ ದಡಕ್ಕೆ ಹೋಗಿ ಹೆಣ್ಣು ನೋಡಿ ಬಂದ. ಆಕೆ ಈಚೆಗೆ ಬರಲೊಲ್ಲೆ ಎಂದಳು, ಇವನು ಆಚೆಗೆ ಹೊರಟ. ಗಾಡಿಗೆ ನಾಯಿ ಕಟ್ಟುತ್ತಿದ್ದ ಅಣ್ಣನಿಗೆ ಸೊರ್ಕಾಕ್ ಹೇಳಿದ್ದು ಒಂದೇ ಮಾತು: ಹೋದರೆ ನನಗೆ ಅಣ್ಣ ಇಲ್ಲ. ಇನುತೆಕ್ ನಕ್ಕು, ಗಾಡಿ ಹೊಡೆದ. ತಮ್ಮ ಆಡಿದ ಮಾತಿಗೆ ಕಟ್ಟುಬಿದ್ದ. ಕಾಗದ ಬಂದರೆ ಓದುತ್ತಿರಲಿಲ್ಲ, ಫೋನು ಬಂದರೆ ಹಿಡಿಯುತ್ತಿರಲಿಲ್ಲ. ಐದು ವರ್ಷದ ಹಿಂದೆ ಅಣ್ಣ ಹಾಸಿಗೆ ಹಿಡಿದು, ಇನ್ನು ಉಳಿಯುವುದಿಲ್ಲವೆಂದು ಫೋನು ಬಂದಾಗ, ಹೆಂಡತಿ ಬೆನೆಡಿಕ್ಟೆ ಅದನ್ನು ಅವನ ಕಿವಿಯ ಹತ್ತಿರವೇ ತಂದು ಹಿಡಿದಳು. ಆ ಕಡೆಯಿಂದ ಉಸಿರಾಟ ಕೇಳಿಸುತ್ತಿತ್ತು. ಸೊರ್ಕಾಕ್ ಅವಳ ಕೈ ಸರಿಸಿ ನಾಯಿಗಳಿಗೆ ಮಾಂಸ ಹಾಕಲು ಎದ್ದುಹೋದ. ಇಂಥ ಹಟಕ್ಕೆ ಮದ್ದಿಲ್ಲ. ಅಣ್ಣ ಸತ್ತ ಸುದ್ದಿ ಬಂದ ದಿನವೂ ಅವನು ಸೀಲ್ ಬೇಟೆಗೆ ಹೋದ, ಒಣಗಿದ ಕಣ್ಣಲ್ಲೇ ವಾಪಸು ಬಂದ.

ಅದಾದ ಸ್ವಲ್ಪ ದಿನಕ್ಕೆ ಇನುತೆಕ್‌ನ ಮಗಳು ಊಲಾಯುಕ್ ಆಚೆ ದಡದಲ್ಲಿ ಹೆಣ್ಣುಮಗು ಹೆತ್ತಳು. ಮಗುವಿಗೆ ಇನುತೆಕ್ ಎಂದೇ ಹೆಸರಿಟ್ಟಳು. ಎರಡು ದಡದಲ್ಲೂ ಹೆಸರೆಂದರೆ ಬರೀ ಹೆಸರಲ್ಲ, ಸತ್ತವರು ಹೆಸರಿನ ಜೊತೆಗೇ ಮಗುವಿಗೆ ಬರುತ್ತಾರೆ. ಗಂಡೋ ಹೆಣ್ಣೋ ಲೆಕ್ಕಕ್ಕಿಲ್ಲ. ಊಲಾಯುಕ್ ಮಗಳನ್ನು ‘ಅಪ್ಪ’ ಎನ್ನುತ್ತಿದ್ದಳು. ಬೆನೆಡಿಕ್ಟೆ ಫೋನಿನಲ್ಲಿ ಆ ತೊದಲು ಮಾತು ಕೇಳಿ ‘ಚೆನ್ನಾಗಿದ್ದೀರಾ ಭಾವ?’ ಎಂದು ವಿಚಾರಿಸುತ್ತಿದ್ದಳು. ಸೊರ್ಕಾಕ್ ಮಾತ್ರ ‘ಆ ಮಗು’ ಎನ್ನುತ್ತಿದ್ದ. ಹೆಚ್ಚಾಗಿ ಅದನ್ನೂ ಅನ್ನುತ್ತಿರಲಿಲ್ಲ.

ಇತೆರ್ಲಾಕಿನಲ್ಲಿ ಇನ್ನೊಂದು ಪದ್ಧತಿಯಿದೆ. ಊರು ಕೂಡಿದ ಕಡೆ ಅಣ್ಣ ಕೂತಿದ್ದರೆ, ಅವನು ಮಾತಾಡುವ ಮುಂಚೆ ತಮ್ಮ ಬಾಯಿ ತೆಗೆಯುವಂತಿಲ್ಲ. ಅಣ್ಣ ಸುಮ್ಮನಿದ್ದರೆ ತಮ್ಮನೂ ಸುಮ್ಮನಿರಬೇಕು. ತುಕುಮ್ಮೆಕ್ ಈ ಎರಡು ಪದ್ಧತಿಗಳನ್ನು ಗಂಟುಹಾಕಿದಳು. ನೂಕ್‌ನವರ ಸಭೆಗೆ ಕೆನಡಾದಿಂದಲೂ ಇಬ್ಬರು ಅತಿಥಿಗಳು ಬರುವುದಿತ್ತು, ಅವರ ವಿಮಾನದಲ್ಲಿ ಜಾಗವಿತ್ತು. ಅವಳು ಊಲಾಯುಕ್‌ಗೆ ಫೋನು ಮಾಡಿ, ‘ನಿಮ್ಮಪ್ಪನ್ನ ಒಂದ್ಸಲ ಹುಟ್ಟಿದೂರಿಗೆ ಕರ್ಕೊಂಡು ಬಾರೆ’ ಎಂದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಏಪ್ರಿಲಿನಲ್ಲಿ ಪುಟ್ಟ ವಿಮಾನ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಬಂದಿಳಿಯಿತು. ಊರೆಲ್ಲ ಕೆಳಗೆ ಹೋಯಿತು. ಬೆನೆಡಿಕ್ಟೆ ಮಗುವನ್ನು ಎತ್ತಿಕೊಂಡು, ‘ಭಾವ ಬಂದ್ರು, ಭಾವ ಬಂದ್ರು’ ಎಂದು ಅತ್ತಳು. ತುಕುಮ್ಮೆಕ್‌ಳ ಮನೆಯಲ್ಲಿ ಕಾಫಿ, ಕೇಕು, ಹಸಿ ನಾರ್ವಾಲ್ ಚರ್ಮ ಎಲ್ಲ ಹರಡಿತ್ತು. ಬಾಗಿಲಲ್ಲಿ ಬೂಟುಗಳ ರಾಶಿ ಬಿತ್ತು, ಒಬ್ಬರು ತಿಂದೆದ್ದರೆ ಇನ್ನೊಬ್ಬರು ಬಂದು ಕೂತರು, ಮುದುಕರು ಕೂಡ ಮಗುವಿನ ಕೈಕುಲುಕಿ ಪ್ರಯಾಣ ಸುಖವಾಗಿತ್ತೇ ಎಂದು ಕೇಳಿದರು.

ಸೊರ್ಕಾಕ್ ತನ್ನ ನಾಯಿಗಳ ನಡುವೆ ನಿಂತು, ಸರಿಯಾಗೇ ಇದ್ದ ಗಾಡಿಪಟ್ಟಿಗಳನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಬೆನೆಡಿಕ್ಟೆ ಅಲ್ಲಿಗೇ ಬಂದಳು.

“ರೀ, ಭಾವ ಬಂದಿದ್ದಾರೆ. ಬಾಗಿಲ ತನಕನಾದ್ರೂ ಬನ್ನಿ.”

“ಸಭೆಗೆ ಹೊತ್ತಾಯ್ತು.”

“ಸಭೆ ನಾಳೆಗೆ ಮರೆತುಹೋಗುತ್ತೆ.”

“ನಿನ್ನ ತಂಗಿ ಯಾಕೆ ಕರೆಸಿದ್ದಾಳೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

“ಅವಳು ಯಾಕಾದ್ರೂ ಕರೆಸಿರ್ಲಿ. ಬಂದಿರೋರು ಯಾರು, ಅದನ್ನ ನೋಡಿ,” ಎಂದು ಹೇಳಿ ಅವಳು ಹೊರಟುಹೋದಳು.

ಸಭೆ ಶಾಲೆಯ ಕೋಣೆಯಲ್ಲಿ. ಮೇಜಿನ ಹಿಂದೆ ನೂಕ್‌ನ ಕನ್ನಡಕದ ಅಧಿಕಾರಿ, ಅವನ ಜೊತೆಯವಳು, ಕೆನಡಾದ ಇಬ್ಬರು ಅತಿಥಿಗಳು. ಊರು ಬೆಂಚುಗಳಲ್ಲಿ ತುಂಬಿ, ಉಳಿದವರು ಗೋಡೆಗೆ ಒರಗಿದ್ದರು. ತುಕುಮ್ಮೆಕ್ ಮಗುವಿನ ಕೈಹಿಡಿದು ಬಂದು, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಎಳೆದು ಕೂರಿಸಿದಳು. ಪಕ್ಕದಲ್ಲಿ ಊಲಾಯುಕ್ ಕೂತಳು. ಅಧಿಕಾರಿಗಳಿಗೆ ಅದು ಬರೀ ಮಗು. ಊರಿಗೆ ಮಾತ್ರ ಆ ಕ್ಷಣವೇ ಅರ್ಥವಾಯಿತು. ಗೋಡೆಗೆ ಒರಗಿದ್ದ ಒಬ್ಬ ಮುದುಕ ನಾಲಿಗೆ ಲೊಚಗುಟ್ಟಿದ.

“ಮೊದಲು ಸೊರ್ಕಾಕ್ ಅವರು ಮಾತಾಡ್ತಾರೆ ಅಂತ ಕೇಳಿದ್ದೀನಿ,” ಎಂದ ಕನ್ನಡಕದವನು.

ಸೊರ್ಕಾಕ್ ಎದ್ದುನಿಂತ. ಇಡೀ ಚಳಿಗಾಲ ಆಡಿದ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಆಡಿದರೆ, ಆ ಕುರ್ಚಿಯಲ್ಲಿ ಕೂತಿರುವುದು ತನ್ನ ಅಣ್ಣನಲ್ಲ ಎಂದು ಊರೆದುರು ಹೇಳಿದಂತೆ. ಆಮೇಲೆ ಈ ದಡದಲ್ಲಿ ಆ ಮಗುವಿಗೆ ತಮ್ಮ ಇಲ್ಲ, ಅವನಿಗೆ ಅಣ್ಣ ಎರಡನೇ ಸಲ ಇಲ್ಲ. ಆಡದಿದ್ದರೆ ಬೇಡ ಎನ್ನುವ ಮಾತೇ ಆ ಕೋಣೆಯಲ್ಲಿ ಹುಟ್ಟುವುದಿಲ್ಲ, ಯಾಕೆಂದರೆ ಉಳಿದವರೆಲ್ಲ ಅವನ ಬಾಯಿಯನ್ನೇ ನಂಬಿ ಕೂತವರು. ತುಕುಮ್ಮೆಕ್‌ಳ ಮೇಲೆ ಅವನಿಗೆ ಮೈಯೆಲ್ಲ ಉರಿಯಿತು. ಆಡಿಯೇಬಿಡುತ್ತೇನೆ ಎಂದು ಕೆಮ್ಮಿದ.

ಕೆಮ್ಮಿಗೆ ಮಗು ತಲೆ ಎತ್ತಿತು. ಬಾಯಿ ತುಂಬ ನಾರ್ವಾಲ್ ಚರ್ಮ ತುಂಬಿಕೊಂಡು, ಜಗಿಯುತ್ತ ಜಗಿಯುತ್ತ ಅವನನ್ನು ನೋಡಿತು. ಮೂಗಿನಿಂದ ಉಸಿರು ಜೋರಾಗಿ ಕೇಳಿಸುತ್ತಿತ್ತು. ಫೋನಿನ ಆ ಕಡೆ ಇದ್ದ ಉಸಿರು ಸೊರ್ಕಾಕ್‌ಗೆ ನೆನಪಾಯಿತು. ಐದು ವರ್ಷದಲ್ಲಿ ಅದು ನೆನಪಾಗದ ದಿನವಿರಲಿಲ್ಲ, ಆದರೆ ಇವತ್ತು ತಡೆಯಲಾಗಲಿಲ್ಲ.

“ಅಣ್ಣ ಇನ್ನೂ ಮಾತಾಡಿಲ್ಲ,” ಎಂದ. “ಅಣ್ಣ ಮಾತಾಡೋ ಮುಂಚೆ ನಾನು ಮಾತಾಡಲ್ಲ.”

ಹೇಳಿ ಕೂತುಬಿಟ್ಟ.

“ನಿಮ್ಮಣ್ಣ ಯಾರು?” ಎಂದು ಕನ್ನಡಕದವನು ಕೇಳಿದ. ಬೆಂಚುಗಳೆಲ್ಲ ಮಗುವಿನ ಕಡೆ ನೋಡಿದವು. ಅವನು ದಕ್ಷಿಣದವನಾದರೂ ಇದೇ ನೆಲದವನು, ಅವನ ಮನೆಯಲ್ಲೂ ಎಲ್ಲರೂ ಅಜ್ಜಿಯೆಂದು ಕರೆಯುವ ಒಬ್ಬ ಮಗನಿದ್ದ. ಸರ್ಕಾರಿ ಸಭೆಯಲ್ಲಿ ಏನು ಮಾಡಬೇಕೆಂದು ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು, “ಇನುತೆಕ್ ಅವರೇ, ತಮ್ಮ ಅಭಿಪ್ರಾಯ?” ಎಂದ.

ಮಗು ತಾಯಿಯ ತೋಳಿಗೆ ಮುಖ ಒತ್ತಿಕೊಂಡಿತು. ಯಾರೂ ನಗಲಿಲ್ಲ.

ಆಮೇಲೆ ಸೇರಬೇಕು ಎನ್ನುವವರು ಒಬ್ಬೊಬ್ಬರಾಗಿ ಎದ್ದರು. ಆಸ್ಪತ್ರೆ ಎಂದರು, ವಿಮಾನ ಎಂದರು, ಆಚೆ ದಡದ ನೆಂಟರು ಎಂದರು. ಯಾವುದೂ ಸುಳ್ಳಲ್ಲ. ಬೇಡ ಎನ್ನುವವರು ತಮ್ಮ ಕಾಲುಚೀಲ ನೋಡಿಕೊಂಡರು.

“ಹಾಗಾದ್ರೆ ಇತೆರ್ಲಾಕಿನಲ್ಲಿ ವಿರೋಧ ಯಾರದೂ ಇಲ್ಲ ಅಂತ ಬರ್ಕೋಬಹುದಾ?”

ತುಕುಮ್ಮೆಕ್ ಗೆದ್ದಿದ್ದಳು. ಭಾವ ಮಾತಾಡಿದರೆ ಪದ್ಧತಿ ಮುರಿದನೆಂದು ಊರು ಅವನ ಮಾತನ್ನು ತಳ್ಳಿಹಾಕುತ್ತದೆ, ಮಾತಾಡದಿದ್ದರೆ ಮಾತೇ ಇಲ್ಲ. ಎರಡರಲ್ಲಿ ಯಾವುದಾದರೂ ಅವಳಿಗೆ ಲಾಭವೇ. ಆದರೆ ಅವನ ಮುಖ ನೋಡಿ ಅವಳಿಗೆ ನಾಚಿಕೆಯಾಯಿತು. ಸೋತವನ ಮುಖ ಅದಾಗಿರಲಿಲ್ಲ. ಸೊರ್ಕಾಕ್ ಸಭೆಯನ್ನೇ ಮರೆತು, ಮಗುವಿನ ಕೆದರಿದ ತಲೆಯನ್ನು ನೋಡುತ್ತ ಕೂತಿದ್ದ. ಅವಳು ಆ ಮಗುವನ್ನು ಅವನ ಬಾಯಿಗೆ ಬೀಗ ಮಾಡಿ ತಂದಿದ್ದಳು, ಅವನು ಅದನ್ನು ಅಣ್ಣನನ್ನಾಗಿ ಮಾಡಿಕೊಂಡಿದ್ದ.

“ವಿರೋಧ ಇದೆ,” ಎಂದು ಅವಳೇ ಎದ್ದಳು. “ನಮ್ಮ ಭಾವನದು. ಅವರು ಮಾತಾಡೋ ಹಾಗಿಲ್ಲ, ಅವರ ಪರವಾಗಿ ನಾನು ಹೇಳ್ತೀನಿ. ಚಳಿಗಾಲ ಪೂರ್ತಿ ಕೇಳಿ ಕೇಳಿ ಬಾಯಿಪಾಠ ಆಗಿದೆ.”

ಐವತ್ತಮೂರನ್ನು ಹೇಳಿದಳು, ಬಾಣಲೆ ಹೇಳಿದಳು, ಕೋಪನ್‌ಹೇಗನ್ ಮತ್ತು ಒಟ್ಟಾವಗಳ ಕಿರಿದಾದ ಕಣ್ಣು ಹೇಳಿದಳು. ಆಚೆ ದಡದವರು ನಾರ್ವಾಲಿಗೆ ನೇರ ಬಂದೂಕು ಹೊಡೆಯುತ್ತಾರೆ, ನಾವು ಕಯಾಕಿನಿಂದ ಈಟಿ ನೆಟ್ಟ ಮೇಲೇ ಬಂದೂಕು ಮುಟ್ಟುತ್ತೇವೆ, ನಾಳೆ ಯಾರ ಕಾನೂನು ನಡೆಯುತ್ತದೆ ಎಂದು ಕೇಳಿದಳು. ಒಂದು ಕಡೆ ತಪ್ಪಿ, ಕರಡಿಯನ್ನು ಹೊಡೆದವನಿಗೆ ಚರ್ಮ ಎಂದುಬಿಟ್ಟಳು. ಸೊರ್ಕಾಕ್ ಮಾತಾಡದೆ ಮೂಗು ಸುಕ್ಕಿಸಿದ. ಅಲ್ಲ ಎನ್ನಲು ಅಲ್ಲಿ ಅಷ್ಟು ಸಾಕು. “ತಪ್ಪಾಯ್ತು, ಮೊದಲು ನೋಡಿದೋನಿಗೆ,” ಎಂದು ಅವಳು ತಿದ್ದಿಕೊಂಡು, ಕೆಮ್ಮಿ, ನಾವು ಕರಡಿ ಎಂದು ಮುಗಿಸಿದಳು. ಕಾಲುಚೀಲ ನೋಡುತ್ತಿದ್ದವರು ಈಗ ತಲೆ ಎತ್ತಿ, ನಮ್ಮದೂ ಅದೇ ಎಂದು ಹುಬ್ಬೇರಿಸಿದರು.

“ಮತ್ತೆ ನಿಮ್ಮದು ಯಾವ ಕಡೆ?” ಎಂದ ಕನ್ನಡಕದವನು.

“ನಾನು ಸೇರಬೇಕು ಅನ್ನೋಳೇ. ಎರಡೂ ಬರ್ಕೊಳ್ಳಿ.”

ಸಭೆ ಮುರಿದು ಜನ ಹೊರಗೆ ಬಂದರು. ವಿಮಾನ ಅಂದೇ ಮರಳಬೇಕಿತ್ತು. ಸೊರ್ಕಾಕ್ ಮಗುವಿನ ಎದುರು ಮಂಡಿಯೂರಿ ಕೂತ.

“ಅಣ್ಣಾ,” ಎಂದ.

ಮಗು ಅವನ ಗಡ್ಡ ಹಿಡಿದು ನೋಡಿತು. “ನಮ್ಮನೇಲಿ ನಾಯಿ ಮರಿ ಹಾಕಿದೆ. ನೀನು ಬರ್ತೀಯಾ?”

ಸೊರ್ಕಾಕ್ ಹುಬ್ಬೇರಿಸಿದ, ಹೌದು ಎಂದು. ಊಲಾಯುಕ್ ಬಾಗಿ, “ಚಿಕ್ಕಪ್ಪ, ನಿಜವಾಗ್ಲೂ ಬನ್ನಿ,” ಎಂದು ಹೇಳಿ ಮಗುವನ್ನು ಎತ್ತಿಕೊಂಡು ವಿಮಾನದ ಕಡೆ ನಡೆದಳು.

ವಿಮಾನ ಮೇಲೆದ್ದು ಕಾಣದಾದ ಮೇಲೆ ಅವನು ತುಕುಮ್ಮೆಕ್‌ಳ ಹತ್ತಿರ ಬಂದ. “ಪಾಸ್‌ಪೋರ್ಟ್ ಮಾಡಿಸೋಕೆ ಏನೇನು ಬೇಕು?”

“ಕೆನಡಾ ಬೇಡ ಅಂತ ಚಳಿಗಾಲ ಪೂರ್ತಿ ನನ್ನ ತಲೆ ತಿಂದ್ರಲ್ಲ.”

“ಈಗಲೂ ಬೇಡ. ದೇಶ ಬೇಡ ಅಂದೆ. ಅಣ್ಣನ ಮನೆ ಬೇಡ ಅಂದ್ನಾ?”

ತಮಾಷೆಗೆಂದೇ ಅವನು ಹೇಳಿದ್ದು. ತುಕುಮ್ಮೆಕ್ ನಗಲಿಲ್ಲ.

“ಅಂದ್ರಿ ಭಾವ. ಮೂವತ್ತು ವರ್ಷ ಅದನ್ನೇ ಅಂದ್ರಿ.”

ಸೊರ್ಕಾಕ್ ವಿಮಾನ ಹೋದ ದಿಕ್ಕಿಗೆ ತಿರುಗಿದ. “ಹೌದು,” ಎಂದ. “ಅಂದೆ.” ಅಲ್ಲೇ ಹಿಮದ ಮೇಲೆ ಕೂತು, ಊರೆಲ್ಲ ನೋಡುತ್ತಿರುವಾಗಲೇ ಬಿಕ್ಕಿ ಬಿಕ್ಕಿ ಅತ್ತ. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಅಣ್ಣ ಸತ್ತರೆ ತಮ್ಮ ಅಳಬೇಕಾದದ್ದೇ ಎಂದುಕೊಂಡು, ಅವನು ಮುಗಿಸುವ ತನಕ ಸುತ್ತ ನಿಂತಿದ್ದರು.