ಅರಿಶಿನ ಇಟ್ಟ ಎರಡು ಸಂಖ್ಯೆ

ಹೊಳಲ್ಕೆರೆಯ ರಾತ್ರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು ಏಕಾಂತಪ್ಪ ಮೇಷ್ಟ್ರು. ಆಗ ನನಗೆ ಐವತ್ತೆರಡು. ಅಕ್ಷರಕ್ಕಿಂತ ಲೆಕ್ಕ ಬೇಗ ಹತ್ತಿತು. ಕುರಿ ಎಣಿಸಿ ಬೆಳೆದವಳು ನಾನು.

ಮೇಷ್ಟ್ರು ಒಂದು ನಿಯಮ ಕಂಡುಕೊಂಡಿದ್ದರು. ಭಾಗವಾಗುವ ಯಾವ ಬೆಸ ಸಂಖ್ಯೆಯನ್ನೇ ತಗೊಳ್ಳಿ, ಯಾವುದೋ ಒಂದು ವರ್ಗದ ಎರಡರಷ್ಟನ್ನು ಅದರಲ್ಲಿ ಕಳೆದರೆ ಭಾಗವಾಗದ ಸಂಖ್ಯೆ ಉಳಿಯುತ್ತದೆ. ಎರಡೆರಡ್ಲೆ ನಾಲ್ಕು, ಅದರ ಎರಡರಷ್ಟು ಎಂಟು. ಇಪ್ಪತ್ತೇಳರಲ್ಲಿ ಎಂಟು ಕಳೆದರೆ ಹತ್ತೊಂಬತ್ತು. ಅದು ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಇದನ್ನು ಸಾಧಿಸಿ ತೋರಿಸಲು ಅವರಿಗೆ ಆಗಿರಲಿಲ್ಲ. ಆರು ಸಾವಿರದವರೆಗೆ ಪರೀಕ್ಷೆ ಮಾಡಿ ನೋಡೋಣ ಎಂದರು. ಅವರ ಎದೆ ಕೆಟ್ಟಿತ್ತು. ಹೋಗುವ ಮೊದಲು ತಮ್ಮ ಹೆಸರಿನ ಒಂದು ನಿಯಮ ಉಳಿಯಲಿ ಅನ್ನುವುದೊಂದೇ ಆಸೆ.

ಎರಡು ವರ್ಷ ದಿನಾ ಕೂತು ಲೆಕ್ಕ ಮಾಡಿದವಳು ನಾನು. ಬೆಂಗಳೂರಲ್ಲಿ ಮನೆಯಷ್ಟು ದೊಡ್ಡ ಕಂಪ್ಯೂಟರ್ ಐತಂತೆ, ನಮ್ಮ ಚಿತ್ತಮ್ಮನಿಗೆ ಕರೆಂಟೂ ಬೇಡ ಎಂದು ಮೇಷ್ಟ್ರು ಕ್ಲಾಸಿನಲ್ಲಿ ನನ್ನನ್ನು ತೋರಿಸಿ ನಗಾಡುತ್ತಿದ್ದರು.

೫೭೭೭ಕ್ಕೆ ಬಂದು ನಿಂತೆ. ಕಳೆಯಬಹುದಾದದ್ದನ್ನೆಲ್ಲ ಕಳೆದೆ, ಐವತ್ತಮೂರು ಸಲ. ಉಳಿದದ್ದೆಲ್ಲ ಯಾವುದಾದರೊಂದರಿಂದ ಭಾಗವಾಗುತ್ತಿತ್ತು. ಪೂರ್ತಿ ಮೂರು ಬಾರಿ ಮಾಡಿದೆ. ನಮ್ಮ ತವರಿನಲ್ಲಿ ಸಂಜೆ ಮೂರು ಸಲ ಎಣಿಸಿಯೂ ಒಂದು ಕುರಿ ಲೆಕ್ಕಕ್ಕೆ ಸಿಗದಿದ್ದರೆ ಅದರ ಮಾತೆತ್ತಬಾರದು. ದೇವರ ಪಾಲು ಎಂದು ಗೋಡೆಗೆ ಅರಿಶಿನದ ಬೊಟ್ಟಿಟ್ಟು ಸುಮ್ಮನಾಗಬೇಕು. ಬಾಯಿಬಿಟ್ಟರೆ ಮಂದೆಯೇ ಹೋಗುತ್ತದೆ ಅನ್ನುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಆ ಸಂಖ್ಯೆಗೆ ಬೊಟ್ಟಿಟ್ಟೆ. ೫೯೯೩ಕ್ಕೂ ಇಟ್ಟೆ. ಮೇಷ್ಟ್ರು ಕಂಡು, ಪುಸ್ತಕಕ್ಕೂ ಪೂಜೆಯೇನಮ್ಮ ಎಂದರು. ನಾನು ಹೂಂ ಅಂದೆ.

ಎಪ್ಪತ್ತಾರನೇ ಇಸವಿಯಲ್ಲಿ ಅವರು ಎಲ್ಲ ಬರೆದು ಬೆಂಗಳೂರಿನಲ್ಲಿ ಆ ಕಂಪ್ಯೂಟರ್ ಇದ್ದ ಕಾಲೇಜಿಗೆ ಕಳಿಸಿದರು. ಮೂರು ತಿಂಗಳಿಗೆ ಕಾಗದ ಬಂತು. ಕಂಪ್ಯೂಟರಿಗೆ ಹಾಕಿ ನೋಡಿದೆವು, ಎರಡು ಕಡೆ ನಿಯಮ ಮುರಿಯಿತು ಎಂದು ಆ ಎರಡೇ ಸಂಖ್ಯೆ ಬರೆದಿದ್ದರು. ಮೇಷ್ಟ್ರು ನನ್ನ ಪುಸ್ತಕ ಹಿಡಿದು, ದಾರಿಯಲ್ಲಿ ಕೂತು ಕೂತು, ಕೆಮ್ಮುತ್ತ ಮನೆಗೆ ಬಂದರು.

"ಇವೆರಡು ನಿನಗೆ ಸಿಕ್ಕಿರಲಿಲ್ವೇನಮ್ಮ?"

"ಸಿಕ್ಕಿದ್ವು ಮೇಷ್ಟ್ರೇ. ಲೆಕ್ಕಕ್ಕೆ ಸಿಗದ ಕುರಿ ಹಂಗೆ ದೇವರಿಗೆ ಬಿಟ್ಟೆ."

ಬಹಳ ಹೊತ್ತು ಬೊಟ್ಟಿನ ಮೇಲೆ ಬೆರಳಾಡಿಸಿದರು.

"ನಿಯಮ ಹೋದ್ರೆ ಹೋಗ್ಲಿ. ತಪ್ಪಿಸಿಕೊಂಡ ಆ ಕುರೀನೇ ದೊಡ್ಡದು ಕಣಮ್ಮ. ಅದನ್ನ ಹಿಡಿದೋರು ನಾವು ಅಂತ ಬರೀಬಹುದಿತ್ತು. ಮಿಷನ್ನು ಯಾರಿಗೂ ಪಾಲು ಬಿಡಲ್ಲ."

ಶಿವರಾತ್ರಿಗೆ ಮುಂಚೆ ಹೋಗಿಬಿಟ್ಟರು. ಒಲೆಗೆ ಹಾಕಲು ಮನಸ್ಸಾಗಲಿಲ್ಲ ಎಂದು ಅವರ ಹೆಂಡತಿ ಗಂಗಕ್ಕ ಪುಸ್ತಕಗಳನ್ನು ನನಗೇ ಕೊಟ್ಟಳು. ೬೦೦೧ರಿಂದ ಮುಂದುವರಿಸಿದ್ದೇನೆ. ಇದುವರೆಗೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತಿವೆ. ಮೂರನೆಯದೊಂದು ತಪ್ಪಿಸಿಕೊಂಡರೆ ಈ ಸಲ ಬಾಯಿಬಿಟ್ಟು ಹೇಳಬೇಕು. ಯಾರ ಮನೆ ಬಾಗಿಲಿಗೆ ಹೋಗಿ ಹೇಳುವುದೋ ಗೊತ್ತಿಲ್ಲ.