ಒಂದು ಮಿಷನ್ನು, ಇಬ್ಬರ ಕೈ

ಬೆಳಗಿನ ಪಾಳಿಯವಳಿಗೆ ತನ್ನ ಹೊಲಿಗೆ ಮಿಷನ್ನಿನ ಮೇಲೆ ಯಾರೋ ಕೈಯಾಡಿಸುತ್ತಿದ್ದಾರೆ ಎಂಬುದು ಖಾತ್ರಿಯಾಗಿತ್ತು. ದಿನವೂ ಬಂದು ಕೂತರೆ ದಾರದ ಬಿಗಿ ಹಿಡಿಯುವ ತಿರುಪು ಬಿಗಿದುಕೊಂಡಿರುತ್ತಿತ್ತು. ಕೋಟಿನ ಒಳಪದರದ ತೆಳು ಬಟ್ಟೆ ಸೂಜಿಗೆ ಸಿಕ್ಕಿದ್ದೇ ಸುಕ್ಕುಗಟ್ಟುತ್ತಿತ್ತು.

ಇದು ಮಧ್ಯಾಹ್ನದ ಪಾಳಿಯವಳದೇ ಕೆಲಸ. ಉಳಿದರ್ಧ ದಿನ ಅಲ್ಲಿ ಕೂರುವವಳು ಅವಳೊಬ್ಬಳೇ. ಆದರೆ ಇವಳು ಅವಳ ಮುಖ ಕಂಡವಳಲ್ಲ. ಗಂಟೆ ಹೊಡೆದೊಡನೆ ಮೇಸ್ತ್ರಿ ಬೆಳಗಿನವರನ್ನು ಹಿಂಬಾಗಿಲಿನಿಂದ ಕಳಿಸಿ, ಹೊಲಿದದ್ದನ್ನೆಲ್ಲ ಒಳಗೆ ಸಾಗಿಸಿ, ಆಮೇಲೇ ಮುಂಬಾಗಿಲು ತೆಗೆಯುತ್ತಿದ್ದ. ಕೇಳಿದರೆ, ನೂಕುನುಗ್ಗಲು ಆಗಬಾರದಲ್ಲ ಎನ್ನುತ್ತಿದ್ದ.

ಇಬ್ಬರೂ ತಾತ್ಕಾಲಿಕ ಕೆಲಸದವರು. ಒಂದು ಜಾಗ ಖಾಯಂ ಆಗಲಿದೆ, ನಿನಗೇ ಕೊಡಿಸುತ್ತೇನೆ, ಎಲ್ಲೂ ಬಾಯಿಬಿಡಬೇಡ ಎಂದು ಮೇಸ್ತ್ರಿ ಇವಳಿಗೆ ಹೇಳಿದ್ದ. ಅದು ಸಿಕ್ಕರೆ ಮಧ್ಯಾಹ್ನ ಕಂಡವರ ಮನೆಯ ನೆಲ ಒರೆಸಲು ಓಡುವುದು ತಪ್ಪುತ್ತಿತ್ತು. ಜ್ವರ ಬಂದ ದಿನ ಮಲಗಬಹುದಿತ್ತು.

ಮನೆಯಲ್ಲಿ ಅತ್ತೆಯ ಮುಂದೆ ಮಧ್ಯಾಹ್ನದವಳನ್ನು ಜಾಲಾಡಿದಳು. ಅತ್ತೆ ಮಂಡಿ ನೀವಿಕೊಳ್ಳುತ್ತ, "ಅವಳಿಗೂ ಒಬ್ಬಳು ಅತ್ತೆ ಇರ್ತಾಳೆ ಕಣೇ. ಅಲ್ಲಿ ನಿನ್ನ ಮಂಗಳಾರತಿ ನಡೀತಿರುತ್ತೆ" ಅಂದಳು. ಇವಳಿಗೆ ನಗು ಬರಲಿಲ್ಲ. ಈ ಮುದುಕಿಯೂ ಅವಳ ಕಡೆಯವಳೇ ಅನ್ನಿಸಿತು.

ಮಾರನೆಯ ದಿನದಿಂದ ಏಳುವ ಮುಂಚೆ ತಿರುಪನ್ನು ಪೂರ್ತಿ ಸಡಿಲಿಸಿ ಬರತೊಡಗಿದಳು. ಸ್ವಲ್ಪ ದಿನಕ್ಕೆ ಮೇಸ್ತ್ರಿ ಬಂದು, ಮಧ್ಯಾಹ್ನದವಳು ನಿನ್ನ ಮೇಲೆ ದೂರು ಹೇಳುತ್ತಾಳೆ, ನಾನು ಕಿವಿಗೆ ಹಾಕಿಕೊಂಡಿಲ್ಲ ಬಿಡು ಎಂದು ಬೆಣ್ಣೆ ಸವರಿದ. ಅವನ ಮುಖ ಅರಳಿತ್ತು. ಅದೇ ಇವಳ ತಲೆಗೆ ಹುಳ ಬಿಟ್ಟಿತು. ಬಟ್ಟೆ ಕೆಡುತ್ತಿರುವಾಗ ಉಗಿಯಬೇಕಾದವನು ಯಾಕೆ ಇಷ್ಟು ಖುಷಿಯಲ್ಲಿದ್ದಾನೆ?

ಅಂದು ಗಂಟೆ ಹೊಡೆದಾಗ ಹೊರಗೆ ಹೋಗದೆ ಕೈತೊಳೆಯುವ ಕೋಣೆಯಲ್ಲಿ ಅಡಗಿ, ಬಾಗಿಲ ಸಂದಿಗೆ ಕಣ್ಣಿಟ್ಟಳು. ಬಂದವಳು ಇವಳಿಗಿಂತ ಹಿರಿಯಳು. ಕೂತವಳೇ ಯಾರಿಗೋ ಹಿಡಿಶಾಪ ಹಾಕುತ್ತ ತಿರುಪು ಬಿಗಿಮಾಡಿದಳು. ಆಮೇಲೆ ಸೂಜಿಯ ಕೆಳಗೆ ತುರುಕಿದ್ದು ಕೋಟಿನ ಹೊರಮೈ ಬಟ್ಟೆ, ಕಂಬಳಿಯಷ್ಟು ದಪ್ಪ. ಅದಕ್ಕೆ ಆ ಬಿಗಿ ಬೇಕೇ ಬೇಕು.

ಇವಳು ಹೊರಗೆ ಬಂದಳು. "ಅಕ್ಕಾ, ಬೆಳಿಗ್ಗೆ ಇಲ್ಲಿ ಕೂರೋಳು ನಾನೇ. ತೆಳು ಬಟ್ಟೆ ಹೊಲೀತೀನಿ."

ಅವಳು ಪೆಡಲಿನಿಂದ ಕಾಲು ತೆಗೆದಳು. "ತೆಳುವಾ? ಇಬ್ಬರದೂ ಒಂದೇ ಬಟ್ಟೆ ಅಂದಿದ್ನಲ್ಲ ಮೇಸ್ತ್ರಿ. ನೀನು ಬೇಕಂತಲೇ ಸಡಿಲ ಮಾಡ್ತೀಯ ಅಂತಾನೂ ಅವನೇ ಅಂದ."

ಬೇಕಂತಲೇ ಮಾಡಿದ್ದನ್ನು ಇವಳು ಒಪ್ಪಿಕೊಳ್ಳಲಿಲ್ಲ. "ಖಾಯಂ ಮಾಡಿಸ್ತೀನಿ ಅಂದನಾ?"

"ನಿಂಗೂ ಅಂದನಾ?" ಹಿರಿಯಳು ಎದ್ದಳು. "ನಾವಿಬ್ರೂ ಒಬ್ಬರ ಮೇಲೊಬ್ರು ಕಣ್ಣಿಟ್ಟು ಕೂತ್ರೆ ಅವನನ್ನ ಯಾರು ಕೇಳ್ತಾರೆ? ಬಾ, ಒಟ್ಟಿಗೇ ಕೇಳೋಣ."

ಇಷ್ಟು ಬೇಗ ಎದ್ದಳಲ್ಲ ಎಂದು ಇವಳಿಗೆ ಕಸಿವಿಸಿಯಾಯಿತು. ಒಳಗೆ ಹೋಗಿ ನನ್ನನ್ನೇ ಸಿಕ್ಕಿಸಿಬಿಟ್ಟರೆ? ಮೇಸ್ತ್ರಿಯ ಕೋಣೆಯ ಬಾಗಿಲಲ್ಲಿ, ನೀನು ಮುಂದೆ ಹೋಗು ಎಂದು ಅವಳು, ಹಿರಿಯರು ನೀವೇ ಹೋಗಿ ಎಂದು ಇವಳು. ಇಬ್ಬರೂ ಅಲುಗಲಿಲ್ಲ.

ಕೊನೆಗೆ, ಜಾರಿಕೊಳ್ಳದಿರಲಿ ಎಂದು ಇವಳು ಅವಳ ಮಣಿಕಟ್ಟು ಹಿಡಿದಳು. ನೋಡಿದರೆ ಅವಳ ಬೆರಳುಗಳೂ ಆಗಲೇ ಇವಳ ತೋಳಿನ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಇಕ್ಕಟ್ಟಿನ ಆ ಬಾಗಿಲಲ್ಲಿ ಇಬ್ಬರೂ ಅಡ್ಡಡ್ಡ ತಿರುಗಿ, ಭುಜಕ್ಕೆ ಭುಜ ಉಜ್ಜಿಕೊಂಡು, ಒಂದೇ ಸಲಕ್ಕೆ ಒಳಗೆ ನುಗ್ಗಿದರು.