ಹವಾಲ್ದಾರನ ಗುಲಾಬಿ ಚುಕ್ಕೆ

ಖಡಕಿಯ ಫ್ಯಾಕ್ಟರಿ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಮಾಂತು ಮೊಣಕಾಲೂರಿ ಕೂತು, ಕೊಳೆತ ಗುಲ್‌ಮೊಹರ್ ಬೊಡ್ಡೆಯ ತೊಗಟೆ ಎತ್ತಿ ಎತ್ತಿ ನೋಡುತ್ತಿದ್ದ. ಹವಾಲ್ದಾರ ಎಲ್ಲೂ ಇರಲಿಲ್ಲ. ನಾಳೆ ಭಾನುವಾರ, ಮಗಳು ಬರುವ ದಿನ. ಬಂದವಳು ಮೊದಲು ಕೇಳುವುದೇ ಹವಾಲ್ದಾರನನ್ನು.

ಹವಾಲ್ದಾರ ಅಂದರೆ ಮೀಸೆ ಹೊತ್ತ ಮನುಷ್ಯ ಅಂದುಕೊಳ್ಳಬೇಡಿ, ಅದೊಂದು ನೆಲದ ಜೀರುಂಡೆ. ಹುಣಸೆಬೀಜಕ್ಕಿಂತ ಸಣ್ಣದು, ಮೈಯೆಲ್ಲ ಮಿರಿಮಿರಿ ಕಪ್ಪು, ಮುಂದೆ ಇಕ್ಕಳದಂಥ ಬಾಯಿ. ಹಗಲು ಕೊಳೆತ ಬೊಡ್ಡೆಯೊಳಗೆ ನಿದ್ದೆ, ಮಬ್ಬಾದ ಮೇಲೆ ಗೆದ್ದಲಿನ ಬೇಟೆ. ಬೊಡ್ಡೆಯ ಈ ತುದಿಯಿಂದ ಆ ತುದಿಗೆ ಅದು ಗಸ್ತು ತಿರುಗುವುದನ್ನು ಕಂಡು ಹತ್ತು ವರ್ಷದ ಮಗಳು ವಿನೀತಾಳೇ ಆ ಹೆಸರಿಟ್ಟಿದ್ದಳು. ಬೇರೆ ಹುಳಗಳ ಜೊತೆ ಕಲೆತುಹೋಗಬಾರದೆಂದು ಅಮ್ಮನ ಉಗುರುಬಣ್ಣ ತಂದು ಬೆನ್ನ ಮೇಲೆ ಗುಲಾಬಿ ಚುಕ್ಕೆಯನ್ನೂ ಇಟ್ಟಿದ್ದಳು.

ಮಾಂತು ಮತ್ತು ಹೆಂಡತಿ ಶೀತಲ್ ಬೇರೆಯಾಗಿ ವರ್ಷದ ಮೇಲಾಗಿತ್ತು. ಶೀತಲ್ ಮಗಳನ್ನು ಕರೆದುಕೊಂಡು ಕೊಂಢವಾ ಬಡಾವಣೆಯ ತವರು ಸೇರಿದ್ದಳು. ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಇಷ್ಟೇ: ಹುಡುಗಿಗೆ ಮನಸ್ಸಿದ್ದರೆ ಭಾನುವಾರ ಅಪ್ಪನ ಮನೆ, ಇಲ್ಲದಿದ್ದರೆ ಬಲವಂತವಿಲ್ಲ. ಆ 'ಮನಸ್ಸಿದ್ದರೆ' ಎಂಬ ಮಾತು ಮಾಂತುವಿನ ಎದೆಯಲ್ಲಿ ಮುಳ್ಳಿನಂತೆ ನಟ್ಟಿತ್ತು. ಮೊದಮೊದಲು ಹುಡುಗಿ ಟಿವಿ ಮುಂದೆ ಕೂತು ಗಡಿಯಾರ ನೋಡುತ್ತಿದ್ದಳು. ಕೆಲವು ವಾರ ಬರಲೇ ಇಲ್ಲ. ಆಮೇಲೆ ಈ ಹುಳ ಸಿಕ್ಕಿತು ನೋಡಿ, ಒಂದು ಭಾನುವಾರವೂ ತಪ್ಪಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ, ಇವನಿಗೆ ಹುಳವೇ ಆಸರೆಯಾಯಿತು. 'ನನ್ನನ್ನು ನೋಡಲು ಬಾ' ಎಂದು ಸ್ವಂತ ಮಗಳಿಗೆ ಹೇಳುವ ಧೈರ್ಯ ಮಾತ್ರ ಈ ಪುಣ್ಯಾತ್ಮನಿಗೆ ಬರಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಬೊಡ್ಡೆಯ ಅಡಿಯಲ್ಲಿ ಅಂಥದೇ ಇನ್ನೊಂದು ಹುಳ ಸಿಕ್ಕಿತು. ಹಿಡಿದರೆ ಹುಳಿಹುಳಿ ವಾಸನೆ ಬಿಟ್ಟು ಬೆರಳು ಹಾಳುಮಾಡಿತು. ಅದನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಅದರ ಬೆನ್ನಿಗೂ ಅಂಥದೇ ಚುಕ್ಕೆ ಇಡಲು ಬಣ್ಣ ತರೋಣವೆಂದು ಮಾಂತು ಖಡಕಿ ಬಜಾರಿಗೆ ಹೋದ.

ಮೀಸೆ ನರೆತ ಗಂಡಸು ಬಳೆ ಅಂಗಡಿಯಲ್ಲಿ ನಿಂತು ಉಗುರುಬಣ್ಣ ಆರಿಸುವುದೆಂದರೆ ಯಾರಿಗೂ ತಮಾಷೆಯೇ. "ವಹಿನೀಸಾಠೀ ಕಾ?" ಅತ್ತಿಗೆಗೋ ಅಂತ ಅಂಗಡಿಯಾಕೆ ಮರಾಠಿಯಲ್ಲಿ ಕೇಳಿ ನಕ್ಕಳು. ಮನೆಯಲ್ಲಿಲ್ಲದ ಹೆಂಡತಿಯ ಸುದ್ದಿ ಬಂದದ್ದೇ ಮಾಂತು ಇಂಗು ತಿಂದ ಮಂಗನಂತಾದ. ಆದರೂ ಶೀಶೆ ಮೇಲೆ ಶೀಶೆ ತೆಗೆಸಿದ, ಹೆಬ್ಬೆರಳಿನ ಉಗುರಿಗೆ ಹಚ್ಚಿ ಹಚ್ಚಿ ನೋಡಿದ. ಇದು ಕೆಂಪು ಜಾಸ್ತಿ, ಅದು ಪೇಲವ. ಬಿಸಿ ರೊಟ್ಟಿ ಮುರಿದು ತಾಟಿಗೆ ಹಾಕುತ್ತಿದ್ದ ಶೀತಲ್‌ಳ ಉಗುರುಗಳ ಬಣ್ಣ ಅವನು ಮರೆತಾನೆಯೇ? ಸರಿಯಾದ ಬಣ್ಣ ಸಿಕ್ಕಾಗ ಬೆಲೆಯನ್ನೂ ಕೇಳದೆ ದುಡ್ಡು ಕೊಟ್ಟ. ಮಗಳು ಬೇಕು ಅನ್ನುವ ಆಸೆಯ ಅಡಿಯಲ್ಲಿ ಇನ್ನೊಂದು ಆಸೆಯೂ ಇತ್ತು, ಅದನ್ನು ಅವನು ತನಗೂ ಹೇಳಿಕೊಂಡಿರಲಿಲ್ಲ.

ಭಾನುವಾರ ಬಂದ ವಿನೀತಾ ಎಂದಿನಂತೆ ಹಿತ್ತಿಲಿಗೆ ಓಡಲಿಲ್ಲ. ಚಪ್ಪಲಿ ಬಿಟ್ಟು ಸುಮ್ಮನೆ ಕೂತಳು.

"ಬಾ, ಹವಾಲ್ದಾರ ಕಾಯಾಕತ್ತಾನ," ಅಂತ ಮಾಂತುವೇ ಕೈಹಿಡಿದು ಕರೆದೊಯ್ದು ತೊಗಟೆ ಎತ್ತಿ ತೋರಿಸಿದ.

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. "ಪಪ್ಪಾ, ಇದು ಯಾರು?"

"ಯಾರಂದ್ರ? ನಮ್ಮ ಹವಾಲ್ದಾರ. ಚುಕ್ಕಿ ಕಾಣವಲ್ದೇನು?"

ವಿನೀತಾ ಚೀಲದಿಂದ ಕಂಪಾಸು ಪೆಟ್ಟಿಗೆ ತೆಗೆದಳು. ಒಳಗೆ ಹತ್ತಿಯ ಮೇಲೆ ಕಾಲು ಮಡಚಿಕೊಂಡು ಒಣಗಿದ ಹುಳ, ಬೆನ್ನ ಮೇಲೆ ಗುಲಾಬಿ ಚುಕ್ಕೆ.

"ಹ್ವಾದ ಐತವಾರನ ಸತ್ತಿದ್ದ. ನೀ ಚಾ ಮಾಡಾಕ ಹೋದಾಗ ನೋಡಿದೆ."

"ನನಗ್ಯಾಕ ಹೇಳಲಿಲ್ಲ?"

ಅವಳು ತೊಗಟೆ ಕೆರೆಯುತ್ತ ಕೂತಳು. "ಹೇಳಿದ್ರ ನೀ ಮಮ್ಮಿಗೆ ಹೇಳ್ತಿದ್ದಿ. ಹುಳಾನ ಇಲ್ಲ, ಐತವಾರ ಡಾನ್ಸ್ ಕ್ಲಾಸಿಗೆ ಹೋಗು ಅಂತಿದ್ಲು ಮಮ್ಮಿ. ಆಮ್ಯಾಲ ನಾ ಏನು ಹೇಳಿ ಇಲ್ಲಿ ಬರ್ಲಿ?"

ಮಾಂತುವಿಗೆ ನಗುವೂ ಬಂತು, ಅಳುವೂ ಬಂತು. ಮಗಳನ್ನು ಅವಚಿಕೊಂಡು ಬೊಡ್ಡೆಯ ಮೇಲೆ ಕೂತುಬಿಟ್ಟ. ಇಷ್ಟು ದಿನ ತಾನೊಬ್ಬನೇ ಹಂಬಲಿಸುತ್ತಿದ್ದೇನೆ ಅಂದುಕೊಂಡಿದ್ದ ಪೆದ್ದ. ಆಮೇಲೆ ಇಬ್ಬರೂ ಸೇರಿ ಹಳೆಯ ಹವಾಲ್ದಾರನನ್ನು ಬೊಡ್ಡೆಯ ಪೊಟರೆಯಲ್ಲಿ ಮಣ್ಣುಮಾಡಿದರು. ಅಪ್ಪನ ಉಗುರು ನೋಡಿ ವಿನೀತಾ ಬಿದ್ದು ಬಿದ್ದು ನಕ್ಕಳು. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಬಣ್ಣ ಹೋಗಲಿಲ್ಲ.

ಸಂಜೆ ಗೇಟಿನಲ್ಲಿ ಶೀತಲ್‌ಳ ಸ್ಕೂಟರ್ ಹಾರ್ನ್ ಕೇಳಿತು. ಅವಳು ಹೆಲ್ಮೆಟ್ ತೆಗೆಯುವವಳಲ್ಲ. ವಾರಕ್ಕೊಮ್ಮೆ ಗಂಡನ ಜೊತೆ ಅವಳು ಆಡುತ್ತಿದ್ದುದೇ ಒಂದು ಮಾತು.

"ಹುಳಾ ಹೆಂಗದರೀ?"

ಚಲೋ ಅದ ಅನ್ನಲು ಮಾಂತು ಬಾಯಿ ತೆರೆದ. ಅಷ್ಟರಲ್ಲಿ ವಿನೀತಾ ಹೇಳಿಬಿಟ್ಟಳು, "ಸತ್ತದ, ಮಮ್ಮಿ."

ಮಾಂತು ಗೇಟಿನ ಸರಳು ಹಿಡಿದುಕೊಂಡ.

"ಹಂಗಾದ್ರ ಬರೂ ಐತವಾರ..." ಅಂತ ಶೀತಲ್ ಶುರುಮಾಡಿದಳು.

"ಬರೂ ಐತವಾರ ಪಪ್ಪಾನ್ನ ನೋಡಾಕ ಬರ್ತೀನಿ."

ಶೀತಲ್‌ಳ ಕಣ್ಣು ಗೇಟು ಹಿಡಿದಿದ್ದ ಅವನ ಹೆಬ್ಬೆರಳಿನ ಮೇಲೆ ನಿಂತಿತು. ಕೈ ಹಿಂದಕ್ಕೆಳೆದುಕೊಳ್ಳಬೇಕು ಅನ್ನಿಸಿತು ಮಾಂತುವಿಗೆ, ಎಳೆದುಕೊಳ್ಳಲಿಲ್ಲ. ಅವಳು ತನ್ನ ಉಗುರುಗಳನ್ನೊಮ್ಮೆ ನೋಡಿಕೊಂಡಳು.

"ಡಾನ್ಸ್ ಕ್ಲಾಸ್ ಶನಿವಾರಕ್ಕ ಹಾಕಸ್ತೀನಿ," ಎಂದಳು. ಮಗಳು ಹಿಂದೆ ಹತ್ತಿ ಕೂತ ಮೇಲೆ ಸ್ಕೂಟರ್ ಶುರುಮಾಡಿದಳು, ಆದರೆ ಹೊರಡಲಿಲ್ಲ. "ಅದನ್ನ ಹಂಗ ತಿಕ್ಕಬ್ಯಾಡ್ರಿ, ಉಗುರು ಕೆಡತದ. ಬಣ್ಣ ತೆಗಿಯೂದು ನನ್ನ ಕಡೆ ಅದ, ಬರೂ ಐತವಾರ ತರ್ತೀನಿ."